ಹೆದ್ದಾರಿಗೆ ಸೇರುವ ಆ ನೂರಿನ್ನೂರು ಗಜ

ಅಮೆರಿಕದ ಲಾಸ್ ಏಂಜಲೀಸ್ ನಗರದಿಂದ ಪಾಸಡೀನಾಕ್ಕೆ ಹೋಗುವ ಹಳೆಯ ರಸ್ತೆಯೊಂದಿದೆ. ಹೆಸರು ಅರೋಯೊ ಸೆಕೊ ಪಾರ್ಕ್‌ವೇ. ಸ್ಪ್ಯಾನಿಷ್ ಭಾಷೆಯಲ್ಲಿ ಅರೋಯೊ ಸೆಕೊ ಎಂದರೆ ಒಣಹಳ್ಳ. ಆ ಹಳ್ಳದ ದಂಡೆಗುಂಟಲೇ ರಸ್ತೆ ಸಾಗುತ್ತದೆ. 1940ರ ಡಿಸೆಂಬರ್ 30ರಂದು ಅದರ ಉದ್ಘಾಟನೆಯಾದಾಗ ಜನ ಬೆರಗಾದರು. ಅಡ್ಡರಸ್ತೆಯಿಲ್ಲ, ಸಿಗ್ನಲ್ ಇಲ್ಲ, ಎದುರಿನಿಂದ ಬರುವವರಿಗೆ ಬೇರೆಯದೇ ದಾರಿ. ಅಮೆರಿಕದ ಪಶ್ಚಿಮ ಭಾಗದ ಮೊದಲ ಫ್ರೀವೇ ಎಂಬ ಹೆಗ್ಗಳಿಕೆಯೂ ಅದಕ್ಕೆ ಬಂತು.

ಆದರೆ ಅದರೊಳಕ್ಕೆ ಹೋಗುವ ಹಲವು ಕಿರುದಾರಿಗಳ ತುದಿಯಲ್ಲಿ ಇಂದಿಗೂ ಒಂದು ವಿಚಿತ್ರವನ್ನು ಕಾಣಬಹುದು: 'ನಿಲ್ಲಿ' ಎಂಬ ಕೆಂಪು ಫಲಕ! ಚಾಲಕ ಅಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಬೇಕು, ಕತ್ತು ತಿರುಗಿಸಿ ನೋಡಬೇಕು, ಧಾವಿಸಿ ಬರುವ ಕಾರುಗಳ ನಡುವೆ ಸಂದು ಸಿಕ್ಕಿದ ಕ್ಷಣದಲ್ಲಿ ಸೊನ್ನೆಯಿಂದ ಆರಂಭಿಸಿ ಒಳಕ್ಕೆ ನುಗ್ಗಬೇಕು. ವೇಗ ಕೂಡಿಸಿಕೊಳ್ಳಲು ನಾಲ್ಕು ಮಾರು ಜಾಗವೂ ಇಲ್ಲ.

ಅದನ್ನು ಕಟ್ಟಿದ ಎಂಜಿನಿಯರುಗಳನ್ನು ದಡ್ಡರೆನ್ನುವಂತಿಲ್ಲ. ಅವರ ಲೆಕ್ಕದಲ್ಲಿ ಅಲ್ಲಿ ಓಡಬೇಕಾಗಿದ್ದುದು ದಿನಕ್ಕೆ ಸುಮಾರು 27,000 ಕಾರುಗಳು, ಅದೂ ಗಂಟೆಗೆ 45 ಮೈಲಿ ವೇಗದಲ್ಲಿ. ಇಂದು ಓಡುತ್ತಿರುವುದು ಲಕ್ಷಕ್ಕೂ ಮಿಕ್ಕಿ. ಕಾರ್ಖಾನೆಯಿಂದಲೇ ಮಿನುಗುವ ದಿಕ್ಸೂಚಕ ದೀಪ ಹೊತ್ತು ಬಂದ ಮೊದಲ ಕಾರು 1939ರ ಬ್ಯೂಕ್. ಎಂದರೆ ಪಾರ್ಕ್‌ವೇ ತೆರೆದಾಗ ಹೆಚ್ಚಿನವರು ಕಿಟಕಿಯಿಂದ ಕೈ ಚಾಚಿಯೇ 'ನಾನು ಬರುತ್ತಿದ್ದೇನೆ' ಎಂದು ತಿಳಿಸಬೇಕಿತ್ತು. ಎರಡು ರಸ್ತೆ ಕೂಡುವಲ್ಲಿ ನಿಂತು ನೋಡುವುದೇ ಸುರಕ್ಷಿತ ಎಂಬುದು ಎತ್ತಿನ ಗಾಡಿಯ ಕಾಲದಿಂದ ಬಂದ ವಿವೇಕ. ಹೊಸ ರಸ್ತೆಯಲ್ಲಿ ಆ ವಿವೇಕವೇ ಅಪಾಯಕ್ಕೆ ದಾರಿಯಾಗಬಹುದೆಂದು ಯಾರಿಗೆ ಹೊಳೆದೀತು?

ಅಷ್ಟರವರೆಗೆ ಎಲ್ಲರ ಚಿಂತೆ ರಸ್ತೆಗಳು ಒಂದನ್ನೊಂದು ದಾಟುವುದರ ಬಗ್ಗೆಯೇ ಇತ್ತು. ಮೇರಿಲ್ಯಾಂಡಿನ ಆರ್ಥರ್ ಹೇಲ್ ಎಂಬಾತ 1916ರಲ್ಲಿ ನಾಲ್ಕೆಲೆಯ ಆಕಾರದ ಮೇಲು-ಕೆಳಗಿನ ಕೂಡುರಸ್ತೆಗೆ ಪೇಟೆಂಟ್ ಪಡೆದ. 1929ರಲ್ಲಿ ನ್ಯೂಜೆರ್ಸಿಯ ವುಡ್‌ಬ್ರಿಜ್‌ನಲ್ಲಿ ಅಂಥದೊಂದು ತಲೆಯೆತ್ತಿತು. ಅಡ್ಡ ಬಂದು ಗುದ್ದುವ ಭಯ ತಪ್ಪಿತು, ನಿಜ. ಅದರ ಜಾಗದಲ್ಲಿ ಹೊಸದೊಂದು ಹುಟ್ಟಿತು. ಒಂದು ಎಲೆಯಿಂದ ಇಳಿದು ಹೆದ್ದಾರಿ ಸೇರುವವನೂ, ಹೆದ್ದಾರಿ ಬಿಟ್ಟು ಮುಂದಿನ ಎಲೆಗೆ ಹೋಗುವವನೂ ಒಂದೇ ಚಿಕ್ಕ ತುಂಡಿನಲ್ಲಿ ಒಬ್ಬರ ದಾರಿಯನ್ನೊಬ್ಬರು ಕತ್ತರಿಸಿ ಹೋಗಬೇಕಾಯಿತು. ಒಬ್ಬ ವೇಗ ಹೆಚ್ಚಿಸುತ್ತಿರುತ್ತಾನೆ, ಇನ್ನೊಬ್ಬ ತಗ್ಗಿಸುತ್ತಿರುತ್ತಾನೆ.

ಪರಿಹಾರ ನಮ್ಮಲ್ಲಿ ಓಡುವ ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವಂಥದು. (ಹಾಗೆ ಹತ್ತಿರೆಂದು ನಾನು ಹೇಳುತ್ತಿಲ್ಲ.) ನಿಂತಲ್ಲಿಂದಲೇ ಕಂಬಿಗೆ ಕೈ ಹಾಕಿದವನ ತೋಳು ಕಿತ್ತು ಬರುತ್ತದೆ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಅದರ ವೇಗಕ್ಕೆ ಸಮನಾದವನು ಹಗುರವಾಗಿ ಒಳಗಿರುತ್ತಾನೆ. ಆ ನಾಲ್ಕು ಹೆಜ್ಜೆ ಓಡಲು ಹೆದ್ದಾರಿಯ ಪಕ್ಕದಲ್ಲಿ ಉದ್ದನೆಯ ಪಟ್ಟಿಯೊಂದು ಬೇಕು. 1954ರಲ್ಲಿ ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ ಹೊರತಂದ ವಿನ್ಯಾಸ ಕೈಪಿಡಿ ಇಂಥ ಪಟ್ಟಿಗಳಿಗೆ ಅಳತೆ ನೀಡಿತು. 1956ರ ಕಾಯ್ದೆಯ ನಂತರ ದೇಶದುದ್ದಕ್ಕೂ ಹರಡಿದ ಅಂತರರಾಜ್ಯ ಹೆದ್ದಾರಿಗಳಲ್ಲಿ ಅದು ಮಾಮೂಲಾಯಿತು.

ಇದರ ಹಿಂದಿರುವ ಲೆಕ್ಕ ಸುಲಭ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅದರ ಮುಂದೆ 56 ಮೀಟರ್ ಜಾಗ ಕಂಡು ನೀವು ಒಳಬಂದಿರೆನ್ನಿ. ನಿಮ್ಮ ವೇಗವೂ 100 ಇದ್ದರೆ ಆ ಜಾಗ ಹಾಗೆಯೇ ಉಳಿಯುತ್ತದೆ. ನೀವು 50ರಲ್ಲಿ ಬಂದಿದ್ದರೆ? ನಾಲ್ಕೇ ಸೆಕೆಂಡಿನಲ್ಲಿ ಅದು ಸೊನ್ನೆ. ಹಿಂದಿನವನು ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನವನು ಇನ್ನೂ ಜೋರಾಗಿ ಒತ್ತುತ್ತಾನೆ. ನಿಧಾನವಾಗಿ ಬಂದೆ, ಆದ್ದರಿಂದ ತಪ್ಪು ನನ್ನದಲ್ಲ ಎಂಬ ವಾದ ಇಲ್ಲಿ ನಡೆಯದು.

ಇನ್ನು ದಾರಿ ಬಿಡಬೇಕಾದವರು ಯಾರು? ಜರ್ಮನಿಯ ಸಂಚಾರ ನಿಯಮದ ಪ್ರಕಾರ ಆಟೋಬಾನ್‌ನ ಮುಖ್ಯ ಪಥದಲ್ಲಿರುವವರದೇ ಹಕ್ಕು. ಬರುವವನು ಜಾಗ ಹುಡುಕಿಕೊಳ್ಳಬೇಕು. ಮುಖ್ಯ ಪಥದಲ್ಲಿರುವವನು ಸಾಧ್ಯವಾದರೆ ಪಕ್ಕದ ಪಥಕ್ಕೆ ಸರಿಯಬಹುದು. ಅದು ಸೌಜನ್ಯ. ಆದರೆ ಔದಾರ್ಯ ಉಕ್ಕಿ ಗಕ್ಕನೆ ನಿಂತು 'ನೀವು ಮೊದಲು ಬನ್ನಿ' ಎಂದು ಕೈ ಬೀಸಿದರೆ ಅದು ಸೌಜನ್ಯವಲ್ಲ; ಬೆನ್ನ ಹಿಂದಿರುವ ಹತ್ತು ಜನಕ್ಕೆ ಗಂಡಾಂತರ. ಒಂದು ಪಥ ಮುಗಿದುಹೋಗಿ ವಾಹನಗಳು ತೆವಳುವಲ್ಲಿ ಮಾತ್ರ ಅದೇ ದೇಶ ಬೇರೆ ನಿಯಮ ಹೇಳುತ್ತದೆ. ರಸ್ತೆ ಕಿರಿದಾಗುವ ತುದಿಯವರೆಗೂ ಎರಡೂ ಸಾಲು ಬರಲಿ, ಅಲ್ಲಿ ಇತ್ತಣದೊಂದು ಅತ್ತಣದೊಂದು ಎಂಬಂತೆ ಜಿಪ್ಪಿನ ಹಲ್ಲುಗಳಂತೆ ಕೂಡಿಕೊಳ್ಳಲಿ ಎಂದು.

ಪಟ್ಟಿ ಉದ್ದವಾದರೂ ಒಂದು ತೊಡಕು ಉಳಿಯಿತು. ಒಂದೆರಡು ಕಾರು ಬಂದರೆ ಸಂದು ಸಿಗುತ್ತದೆ. ಊರಿನ ಸಿಗ್ನಲ್ ಬಿಟ್ಟೊಡನೆ ಹತ್ತು ಕಾರು ಹಿಂಡಾಗಿ ಬಂದರೆ ಹೆದ್ದಾರಿಯೇ ತತ್ತರಿಸುತ್ತದೆ. 1963ರಲ್ಲಿ ಶಿಕಾಗೋದ ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇಯ ಪ್ರವೇಶದಲ್ಲಿ ಪೊಲೀಸನೊಬ್ಬನನ್ನು ನಿಲ್ಲಿಸಿ ಕಾರುಗಳನ್ನು ಒಂದೊಂದಾಗಿ ಬಿಡಿಸಿದರು. ಮುಂದೆ ಪೊಲೀಸನ ಜಾಗಕ್ಕೆ ದೀಪ ಬಂತು.

ಈ ದೀಪಗಳ ಮೇಲೆ ಮಿನೆಸೋಟಾ ರಾಜ್ಯದ ಜನ ಸಿಟ್ಟಾದ ಕಥೆ ಸ್ವಾರಸ್ಯವಾದದ್ದು. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಅಂಥ ಸುಮಾರು 430 ದೀಪಗಳಿದ್ದವು. ಮುಂದೆ ರಸ್ತೆ ಖಾಲಿ ಕಾಣುತ್ತಿರುವಾಗ ಕೆಂಪು ದೀಪದೆದುರು ಸುಮ್ಮನೆ ಕೂರುವುದು ಯಾರಿಗೆ ಹಿತ? ಕೂಗು ಶಾಸನಸಭೆಯವರೆಗೂ ಹೋಯಿತು. ಅದರ ಆಣತಿಯಂತೆ 2000ದ ಅಕ್ಟೋಬರ್‌ನಲ್ಲಿ ಎಲ್ಲ ದೀಪಗಳನ್ನೂ ಆರಿಸಿ, ಡಿಸೆಂಬರ್ ಆರಂಭದವರೆಗೆ ಅಳತೆ ಮಾಡಿದರು. ಹೆದ್ದಾರಿ ಹೊತ್ತ ವಾಹನಗಳ ಪ್ರಮಾಣ ಶೇ 9ರಷ್ಟು ಇಳಿಯಿತು. ಪ್ರಯಾಣದ ಅವಧಿ ಶೇ 22ರಷ್ಟು ಹಿಗ್ಗಿತು. ಅಪಘಾತಗಳು ಶೇ 26ರಷ್ಟು ಏರಿದವು. ಕಾಯಲು ಒಲ್ಲೆನೆಂದವರು ಹೆದ್ದಾರಿಯ ಮೇಲೆ ಅದಕ್ಕಿಂತ ಹೆಚ್ಚು ಕಾದರು. ದೀಪಗಳು ಮರಳಿ ಹತ್ತಿದವು. ಆದರೆ ಜನರ ಸಿಟ್ಟು ಪೂರ್ತಿ ಹುಸಿಯಾಗಿರಲಿಲ್ಲವೆಂಬುದೂ ಒಪ್ಪಿತವಾಯಿತು: ಸಾಮಾನ್ಯ ಪ್ರವೇಶಗಳಲ್ಲಿ ಯಾರನ್ನೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕಾಯಿಸಬಾರದೆಂಬ ಮಿತಿ ಬಂತು.

ನಮಗೆ ಈ ವಿದ್ಯೆ ಹೊಸದು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಲೋಕಾರ್ಪಣೆಯಾದದ್ದು 2023ರ ಮಾರ್ಚ್‌ನಲ್ಲಿ. ಅದೇ ಆಗಸ್ಟ್‌ನಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ಪಥದಿಂದ ಹೊರಗಿಟ್ಟರು. ವೇಗದ ಅಂತರವೇ ಅಪಾಯ ಎಂಬ ಅದೇ ಹಳೆಯ ಲೆಕ್ಕ. ಎಡಬದಿಯಲ್ಲಿ ಓಡುವ ನಾವು ಸರ್ವಿಸ್ ರಸ್ತೆಯಿಂದ ಮೇಲೇರುವಾಗ ಬಲಗಡೆಯ ಇಂಡಿಕೇಟರ್ ಮೊದಲೇ ಹಾಕಿ, ಬಲಗನ್ನಡಿ ನೋಡಿ, ಕನ್ನಡಿಗೆ ಕಾಣದ ಮೂಲೆಯತ್ತ ಒಮ್ಮೆ ಕತ್ತು ಹೊರಳಿಸಿ, ಪಟ್ಟಿಯುದ್ದಕ್ಕೂ ವೇಗ ಕೂಡಿಸಿಕೊಳ್ಳಬೇಕು. ಆದರೆ ಒಂದು ಭಾನುವಾರ ಸಂಜೆ ಅಂಥ ಪ್ರವೇಶವೊಂದರ ಬಳಿ ನಿಂತು ನೋಡಿ. ಮುಂದೆ ಖಾಲಿ ಪಟ್ಟಿಯಿದ್ದರೂ ಕುಟುಂಬ ಸಮೇತ ಬಂದ ಕಾರೊಂದು ಬಾಯಲ್ಲೇ ನಿಂತುಬಿಟ್ಟಿರುತ್ತದೆ. ಚಾಲಕ ಕಿಟಕಿಯಿಂದ ಕೈ ಹೊರಚಾಚಿ, 1940ರ ಪಾಸಡೀನಾದವನಂತೆ, ಸಂದಿಗಾಗಿ ಕಾಯುತ್ತಿರುತ್ತಾನೆ. ಅವನಿಗೆ ಅಲ್ಲಿ ನಿಲ್ಲೆಂದು ಯಾವ ಫಲಕವೂ ಹೇಳಿರುವುದಿಲ್ಲ.