ತ್ರೀ ನಾಟ್ ತ್ರೀ ನಮ್ಮ ಮನೆ ಗೋಡೆಗೆ ಯಾಕೆ ಬರಲಿಲ್ಲ

ಹೋದ ವಾರ ಹಂದಿ ಕಾಯೋಕೆ ಗದ್ದೆ ಮಾಳದಲ್ಲಿ ಕೂತಿದ್ದಾಗ ತಮ್ಮನ ಮಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದವನೊಬ್ಬ ಮಿಲಿಟರಿಯ ಹಳೇ ಬೋಲ್ಟ್ ಕೋವಿ ಕೊಂಡು ತಂದು, ಕಂದು ಗ್ರೀಸ್ ತೊಳೆದು, ಮರಕ್ಕೆ ಅಗಸೆ ಎಣ್ಣೆ ತಿಕ್ಕಿ ಜೀವ ಬರಿಸ್ತಿದ್ದ. ನೋಡಿದ್ರೆ ಅದರ ಮೇಲೆ ನಮ್ಮ ಸಿಂಹದ ಮುದ್ರೆ, ಆರ್‌ಎಫ್‌ಐ ಅಂತ ಅಕ್ಷರ. ರೈಫಲ್ ಫ್ಯಾಕ್ಟರಿ ಈಶಾಪುರ, ಕಲ್ಕತ್ತಾ ಹತ್ತಿರದ್ದು. "ದೊಡ್ಡಪ್ಪ, ನಮ್ಮ ದೇಶದ ಕೋವಿ ಅವರಿಗೆ ಸಿಗುತ್ತೆ, ನಮಗೆ ಯಾಕೆ ಸಿಗಲ್ಲ?" ಅಂದ. ಆವತ್ತು ಅರ್ಧ ಉತ್ತರ ಹೇಳಿದೆ. ಉಳಿದದ್ದು ಇಲ್ಲಿ ಬರೀತಿದ್ದೇನೆ, ಯಾಕಂದ್ರೆ ಇದೇ ಪ್ರಶ್ನೆ ನಮ್ಮ ಊರಿನ ಬೇರೆ ಹುಡುಗರ ತಲೆಯಲ್ಲೂ ಇದೆ.

ಇದು ಶುರುವಾಗೋದು 1857ರಿಂದ. ಸಿಪಾಯಿಗಳು ತಿರುಗಿಬಿದ್ದ ಮೇಲೆ ಬ್ರಿಟಿಷರು ಒಂದು ಪಾಠ ಕಲಿತರು. ಗೋರಾ ಸೈನಿಕನ ಕೈಯಲ್ಲಿ ಇರೋದಕ್ಕಿಂತ ಒಂದು ಮೆಟ್ಟಿಲು ಹಳೇ ಕೋವಿಯನ್ನೇ ನಮ್ಮ ಸಿಪಾಯಿಗೆ ಕೊಡೋದು. 1878ರಲ್ಲಿ ಆಯುಧ ಕಾಯ್ದೆ ತಂದು ಸಾಮಾನ್ಯ ಜನರನ್ನೂ ಲೈಸೆನ್ಸಿಗೆ ಕಟ್ಟಿಹಾಕಿದರು. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ ರಿಯಾಯಿತಿ. ಅದು ಈಗಲೂ ಇದೆ, ಕೇಂದ್ರದವರು 2029ರ ತನಕ ವಿಸ್ತರಿಸಿದ್ದಾರೆ.

ಆಮೇಲೆ ಬಂತು ಲೀ ಎನ್‌ಫೀಲ್ಡ್. ಲೀ ಅಂದ್ರೆ ಜೇಮ್ಸ್ ಪ್ಯಾರಿಸ್ ಲೀ ಅನ್ನೋ ಮನುಷ್ಯ, ಎನ್‌ಫೀಲ್ಡ್ ಅಂದ್ರೆ ಲಂಡನ್ ಹತ್ತಿರದ ಕಾರ್ಖಾನೆ ಇದ್ದ ಊರು. ನಳಿಗೆಯ ತೂತು .303 ಇಂಚು, ಅದಕ್ಕೇ ತ್ರೀ ನಾಟ್ ತ್ರೀ. ಒಂದು ಸಲಕ್ಕೆ 10 ತೋಟಾ ಹಿಡಿಯುತ್ತೆ. ಎರಡು ಮಹಾಯುದ್ಧ ಮುಗಿಸಿ, 1962ರಲ್ಲಿ ಚೀನಾ ಗಡಿಯ ಹಿಮದಲ್ಲಿ ನಮ್ಮ ಜವಾನರ ಕೈಯಲ್ಲೂ ಇದ್ದದ್ದು ಇದೇ. ಹೈಸ್ಕೂಲಿನ ಎನ್‌ಸಿಸಿ ಪರೇಡಿಗೆ ನಾನೂ ಹೊತ್ತಿದ್ದೇನೆ, ಗುಂಡು ಹಾರದ ಡ್ರಿಲ್ ಕೋವಿ. ಭುಜ ಮೂರು ದಿನ ನೋಯ್ತಿತ್ತು.

ಈಗ ಹುಡುಗನ ಪ್ರಶ್ನೆಗೆ ಬರ್ತೇನೆ. ಸೈನ್ಯದ ತೋಟಾ ಕಳುವಾಗಿ ಹೊರಗೆ ಬಂದ್ರೂ ಅದು ಯಾರ ಕೋವಿಗೂ ಹೊಂದಬಾರದು ಅನ್ನೋದು ಸರ್ಕಾರದ ಲೆಕ್ಕ. ಹಾಗಾಗಿ .303 ಖಾಸಗಿಯವರಿಗೆ ನಿಷಿದ್ಧ. ಬಂದೂಕು ಕಂಪನಿಗಳು ಅದೇ ಬೋಲ್ಟು, ಅದೇ ಮೈಕಟ್ಟಿಗೆ ಬೇರೆ ತೂತು ಕೊರೆದು .315 ಮಾಡಿ ಸಾಹುಕಾರರಿಗೆ ಮಾರಿದರು. ಎಸ್ಟೇಟಿನ ಹಳೇ ಬಂಗಲೆಗಳಲ್ಲಿ "ಮಿಲಿಟರಿ ರೈಫಲ್" ಅಂತ ತೋರಿಸೋದು ಬಹುಪಾಲು ಈ ತ್ರೀ ಒನ್ ಫೈವ್. ಪೊಲೀಸರನ್ನೂ ನಂಬಲಿಲ್ಲ. ಈಶಾಪುರದಲ್ಲಿ .303ನ್ನೇ .410ರ ನಯವಾದ ನಳಿಗೆಗೆ ಬದಲಿಸಿ, ತೋಟಾ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ಗುಂಡು ಹಾಕೋ ಹಾಗೆ ಮಾಡಿ ಕಾವಲಿನವರಿಗೆ ಕೊಟ್ಟರು. ನಂಬಿಕೆ ಇಲ್ಲದವರಿಗೆ ಕೊಡೋ ಕೋವಿ ಹೇಗಿರುತ್ತೆ ಅಂತ ಅದನ್ನು ನೋಡಿದ್ರೆ ಗೊತ್ತಾಗುತ್ತೆ.

ಸ್ವಾತಂತ್ರ್ಯ ಬಂತು, ಕಾಯ್ದೆ 1959ರಲ್ಲಿ ಹೊಸದಾಯಿತು, ಲೆಕ್ಕ ಮಾತ್ರ ಅದೇ ಉಳೀತು. ರೈತನಿಗೆ ಬೆಳೆ ರಕ್ಷಣೆಗೆ ಅಂತ ಆ ಕಾಯ್ದೆ ಹೆಸರು ಹಿಡಿದು ಹೇಳೋದು ಬಾಯಿಂದ ಮದ್ದು ತುಂಬೋ ಕೋವಿಯನ್ನ. ಅಂದ್ರೆ ನಮ್ಮಜ್ಜನ ಕೇಪಿನ ಕೋವಿಯೇ!

ಅಮೆರಿಕದಲ್ಲಿ ಆಗಿದ್ದು ಇದರ ಉಲ್ಟಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ಗೋದಾಮುಗಳಲ್ಲಿ ಲಕ್ಷಗಟ್ಟಲೆ ಕೋವಿ ಬಿದ್ದಿದ್ದವು. ವ್ಯಾಪಾರಿಗಳು ಹಡಗಿನಲ್ಲಿ ತಂದು, ಪೇಪರಲ್ಲಿ ಜಾಹೀರಾತು ಕೊಟ್ಟು, ಅಂಚೆಯಲ್ಲಿ ಕಳಿಸ್ತಿದ್ದರು. ನಾವು ವಿ.ಪಿ.ಯಲ್ಲಿ ಬೀಜ ತರಿಸಿದ ಹಾಗೆ. ಆಗ ಹೆಸರು ಮಾಡಿದ್ದು ಜಂಗಲ್ ಕಾರ್ಬೈನ್. ಕಾಡಿನ ಯುದ್ಧಕ್ಕೆ ಉದ್ದ ಕೋವಿ ತೊಡಕು ಅಂತ ಲೀ ಎನ್‌ಫೀಲ್ಡನ್ನ 1944ರಲ್ಲಿ ಮೊಟಕು ಮಾಡಿದ್ದು. ಉದ್ದ ಒಂದು ಮೀಟರು, ತೂಕ ನಾಲ್ಕು ಕಿಲೋದಿಂದ ಮೂರೂಕಾಲಿಗೆ ಇಳೀತು. ಬೆಂಕಿ ಕಾಣದಿರಲಿ ಅಂತ ಬಾಯಿಗೆ ಆಲಿಕೆಯಂಥ ಕೊಳವೆ, ಒದೆತಕ್ಕೆ ರಬ್ಬರ್ ಪಟ್ಟಿ. ಆದ್ರೆ ಒದೆತ ಜೋರು, ಗುರಿ ಒಂದೇ ಕಡೆ ನಿಲ್ಲಲ್ಲ ಅನ್ನೋ ದೂರು. 1947ಕ್ಕೇ ತಯಾರಿಕೆ ನಿಲ್ಲಿಸಿದರು. ಕೊಳ್ಳುವವರು ಹೆಚ್ಚಾದಾಗ ಅಮೆರಿಕದಲ್ಲಿ ಉದ್ದ ಕೋವಿಯನ್ನೇ ಕತ್ತರಿಸಿ ಜಂಗಲ್ ಕಾರ್ಬೈನ್ ಅಂತ ಮಾರಿದರು. ಅಸಲಿಯಲ್ಲಿ ತೂಕ ಇಳಿಸೋಕೆ ಕಾರ್ಖಾನೆಯಲ್ಲೇ ನಳಿಗೆಯ ಬುಡದ ಕಬ್ಬಿಣ ಕೆತ್ತಿರ್ತಾರೆ, ನಕಲಿಯಲ್ಲಿ ಆ ಕೆತ್ತನೆ ಇರಲ್ಲ. ತಿಳಿದವರು ಮರ ಬಿಚ್ಚಿ ಮೊದಲು ನೋಡೋದು ಅದನ್ನೇ.

1963ರಲ್ಲಿ ಹೀಗೇ ಅಂಚೆಯಲ್ಲಿ, ಟೆಲಿಸ್ಕೋಪು ಸೇರಿ 19 ಡಾಲರ್ 95 ಸೆಂಟಿಗೆ, ಸುಳ್ಳು ಹೆಸರಲ್ಲಿ ಒಬ್ಬ ಇಟಲಿ ಸೈನ್ಯದ ಹಳೇ ಕಾರ್ಕಾನೊ ಬೋಲ್ಟ್ ಕೋವಿ ತರಿಸಿದ. ಅವನು ಆಸ್ವಾಲ್ಡ್. ಅದೇ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಕೊಲೆ. 1968ರ ಕಾಯ್ದೆ ಅಂಚೆ ಮಾರಾಟವನ್ನೂ ಮಿಲಿಟರಿ ಹಳೇ ಕೋವಿಗಳ ಆಮದನ್ನೂ ನಿಲ್ಲಿಸಿತು. 1980ರ ದಶಕದಲ್ಲಿ ಹಳೇ ಕಾಲದವಕ್ಕೆ ಮತ್ತೆ ಬಾಗಿಲು ತೆಗೆದರು. ಈಶಾಪುರದವೂ ಆ ಬಾಗಿಲಲ್ಲೇ ಹೋದದ್ದು. ಇಲ್ಲಿ ಉತ್ತರಪ್ರದೇಶದ ಪೊಲೀಸರು .303ಗೆ ಕೊನೇ ಸಲಾಮು ಹೊಡೆದದ್ದು 2020ರ ಗಣರಾಜ್ಯೋತ್ಸವದಲ್ಲಿ.

ಆ ವಿಡಿಯೋದವನಲ್ಲಿ ನನಗೆ ಹಿಡಿಸಿದ್ದು ಅವನ ತಾಳ್ಮೆ. ಮರಕ್ಕೆ ಸ್ಯಾಂಡ್ ಪೇಪರ್ ತಾಗಿಸಲಿಲ್ಲ, ಮುದ್ರೆ ಅಳಿಸುತ್ತೆ ಅಂತ. ಬೋಲ್ಟಿನ ನಂಬರೂ ಮೈಯ ನಂಬರೂ ಒಂದೇನಾ ಅಂತ ಮೊದಲೇ ನೋಡಿದ. ಬೇರೆ ಕೋವಿಯ ಬೋಲ್ಟು ಸರಿಯಾಗಿ ಕೂರದಿದ್ರೆ ತೋಟಾ ಮುಖಕ್ಕೇ ಸಿಡಿಯಬಹುದು.

ನಾನು ಮಾಡಿದ್ದು ಇದಕ್ಕೆ ವಿರುದ್ಧ. ಒಂದು ಎಲೆಕ್ಷನ್ನಿನಲ್ಲಿ ಒಪ್ಪಿಸಿದ್ದ ನಮ್ಮ ಕೋವಿ ತುಕ್ಕು ಹಿಡಿದು ವಾಪಸು ಬಂತು. ಸಿಟ್ಟಲ್ಲಿ ಎಮೆರಿ ಪೇಪರ್ ಹಿಡಿದು ತಿಕ್ಕಿದೆ, ಫಳಫಳ ಅಂತು. ರಿನ್ಯೂವಲ್ಲಿಗೆ ಹೋದಾಗ ನಂಬರಿನ ಎರಡು ಅಂಕಿ ಓದೋಕೇ ಬರ್ತಿಲ್ಲ. ನಂಬರ್ ಅಳಿಸೋದು ಕಾಯ್ದೆಯಲ್ಲಿ ಅಪರಾಧ ಅಂತ ನನಗೆ ಗೊತ್ತಾಗಿದ್ದು ಆಗಲೇ. ಅಪ್ಪನ ಕಾಲದ ಲೈಸೆನ್ಸ್ ಬುಕ್ಕು ಇಲ್ಲದಿದ್ರೆ ಕೋವಿ ಹೋಗ್ತಿತ್ತು, ಕೇಸೂ ಬೀಳ್ತಿತ್ತು.

ಈಗ ಸಂತೆ ಕಡೆ ಯಾರೋ "ಮಿಲಿಟರಿ ಮಾಲು ಇದೆ, ರಿಪೇರಿ ಮಾಡಿಕೊಂಡ್ರೆ ಆಯ್ತು" ಅಂತ ಹುಡುಗರ ಕಿವಿಗೆ ಊದ್ತಿದ್ದಾರಂತೆ. ನಮ್ಮ ಹುಡುಗ ಬಾಯಿಬಿಟ್ಟದ್ದು ಕೊನೆಗೆ ಅದನ್ನೇ. ನಿಷೇಧಿತ ಆಯುಧ ಮನೆಯಲ್ಲಿ ಸಿಕ್ಕರೆ 2019ರ ತಿದ್ದುಪಡಿ ಪ್ರಕಾರ ಕಡಿಮೆ ಅಂದ್ರೆ 7 ವರ್ಷ, 14ರ ತನಕವೂ ಆಗಬಹುದು. ಅವನಿಗೀಗ 22. ಲೆಕ್ಕ ಹಾಕು ಅಂದೆ. ಸುಮ್ಮನಾದ.

ಲೈಸೆನ್ಸ್ ಕೋವಿ ಇರುವವರು ಈ ಸಲ ಒಪ್ಪಿಸೋ ಮುಂಚೆ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ, ನಂಬರಿನ ಫೋಟೋ ತೆಗೆದಿಡಿ, ರಶೀದಿ ಕೇಳಿ ತಗೊಳ್ಳಿ. ರಿಪೇರಿ ಲೈಸೆನ್ಸ್ ಇರೋ ಅಂಗಡಿಯಲ್ಲೇ ಆಗಲಿ, ವೆಲ್ಡಿಂಗ್ ಶೆಡ್ಡಿನಲ್ಲಿ ಬೇಡ. ಆ ರಾತ್ರಿ ನಾವಿಬ್ಬರೂ ಮಾತಾಡ್ತಾ ಕೂತಿದ್ದಾಗ ಹಂದಿಗಳು ಕೆಳಗಿನ ಎರಡು ಮಡಿ ಮುಗಿಸಿ ಹೋಗಿದ್ದವು.