ಮೋಟಾರುಗಾಡಿಯ ಧ್ವನಿವ್ಯವಸ್ಥೆ ಮತ್ತು ಬ್ಯಾಟರಿಯ ಮಿತಿ

ಯಂತ್ರಗಳ ಇತಿಹಾಸವನ್ನು ಏಕಮುಖವಾದ ಮುನ್ನಡೆಯೆಂದು ಬಗೆಯುವುದು ವಾಡಿಕೆ. ಮೋಟಾರುಗಾಡಿಯ ಧ್ವನಿವ್ಯವಸ್ಥೆಯ ಇತಿಹಾಸವು ಈ ಎಣಿಕೆಯನ್ನು ಸಮರ್ಥಿಸುವುದಿಲ್ಲವೆಂದು ನಾವು ಭಾವಿಸುತ್ತೇವೆ.

1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಸಂಸ್ಥೆಯು ‘ಮೋಟೊರೋಲಾ’ ಎಂಬ ಕಾರು ರೇಡಿಯೋವನ್ನು ಮಾರಾಟಕ್ಕೆ ತಂದಿತು. ಅಂದಿನ ರೇಡಿಯೋ ವಾಲ್ವುಗಳಿಗೆ ನೂರಕ್ಕೂ ಮೇಲ್ಪಟ್ಟ ವೋಲ್ಟು ಬೇಕಾಗಿತ್ತು; ಗಾಡಿಯ ಬ್ಯಾಟರಿಯಲ್ಲಿದ್ದುದು 6 ವೋಲ್ಟು ಮಾತ್ರ. ಮೊದಲು ಪ್ರತ್ಯೇಕ ಬ್ಯಾಟರಿಗಳೂ, ಅನಂತರ ವೈಬ್ರೇಟರು ಮತ್ತು ಟ್ರಾನ್ಸ್‌ಫಾರ್ಮರುಗಳೂ ಈ ಕೊರತೆಯನ್ನು ತುಂಬಿದುವು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಸಂಸ್ಥೆಗಳು ಸಂಪೂರ್ಣ ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ಕಾರು ರೇಡಿಯೋವನ್ನು ಪ್ರಕಟಿಸಿದುವು. ಟ್ರಾನ್ಸಿಸ್ಟರಿಗೆ 12 ವೋಲ್ಟೇ ಸಾಕಾದುದರಿಂದ ಸಮಸ್ಯೆ ಬಗೆಹರಿಯಿತೆಂದು ತೋರಿತು.

ಆದರೆ ಕೇಳುಗರ ಅಪೇಕ್ಷೆ ಬೆಳೆಯಿತು. 12 ವೋಲ್ಟನ್ನು ನೇರವಾಗಿ ಬಳಸಿದರೆ, 4 ಓಮಿನ ಸ್ಪೀಕರಿಗೆ ಸುಮಾರು 18 ವಾಟಿಗಿಂತ ಹೆಚ್ಚು ಶಕ್ತಿಯನ್ನು ಧ್ವನಿ ಕೆಡದಂತೆ ಒದಗಿಸಲಾಗದು. ಆದುದರಿಂದ ಪ್ರತ್ಯೇಕ ಆಂಪ್ಲಿಫೈಯರು ಬಂದಿತು. ಅದರೊಳಗೆ ವೋಲ್ಟೇಜನ್ನು ಏರಿಸುವ ಹಳೆಯ ಉಪಾಯವೇ ಹೊಸ ರೂಪದಲ್ಲಿ ಮರಳಿತು. ಅದಕ್ಕಾಗಿ ಬ್ಯಾಟರಿಯಿಂದಲೇ ದಪ್ಪ ತಂತಿಯನ್ನು ಎಳೆಯಬೇಕಾಯಿತು. ಬ್ಯಾಟರಿಯ ಸಮೀಪದಲ್ಲಿ ಫ್ಯೂಸು ಅನಿವಾರ್ಯವಾಯಿತು. ತಂತಿಯು ಸವೆದು ಗಾಡಿಯ ಲೋಹಕ್ಕೆ ತಗುಲಿದಾಗ ಬೆಂಕಿಯನ್ನು ತಡೆಯುವುದು ಆ ಫ್ಯೂಸೇ.

ಮುಗಿಯಿತೆಂದುಕೊಂಡ ಸಮಸ್ಯೆಯು ಹೊಸ ಬಯಕೆಯೊಡನೆ ಮರಳಿ ಬರುವುದುಂಟು. ಅದರ ಹಳೆಯ ಗುರುತನ್ನು ಕಂಡುಹಿಡಿಯುವುದು ಚರಿತ್ರಕಾರನ ಕರ್ತವ್ಯವಾಗಿದೆ.