ಎಲುಬಿನಲ್ಲಿ ನೂಲಿನ ಲಂಗರು

ದೇಹವೆಂಬ ಯಂತ್ರದಲ್ಲಿ ಕಠಿನವಾದ ಪದಾರ್ಥವೂ ಮೃದುವಾದ ಪದಾರ್ಥವೂ ಒಂದನ್ನೊಂದು ಆಶ್ರಯಿಸಿಕೊಂಡಿರುತ್ತವೆ. ಎಲುಬು ತಾನಾಗಿ ಚಲಿಸಲಾರದು. ಮಾಂಸಖಂಡವು ತಾನಾಗಿ ಭಾರವನ್ನು ಹೊರಲಾರದು. ಇವೆರಡನ್ನೂ ಕೂಡಿಸಿ ಒಂದರ ಬಲವನ್ನು ಮತ್ತೊಂದಕ್ಕೆ ಮುಟ್ಟಿಸುವುದು ಬಿಳಿಯ ನಾರಿನ ಹಗ್ಗದಂತಿರುವ ರಜ್ಜು. ಆ ರಜ್ಜುವು ಎಲುಬಿನಿಂದ ಕಿತ್ತುಬಂದಿತೆಂದರೆ, ಎಲುಬು ಮುರಿಯದಿದ್ದರೂ ಅವಯವವು ನಿರುಪಯುಕ್ತವಾಗುತ್ತದೆ. ಹೆಗಲಿನ ರಜ್ಜು ಪೂರ್ತಿಯಾಗಿ ಹರಿದವನು ಅನೇಕ ವೇಳೆ ಅಟ್ಟದ ಮೇಲಿನ ಚೊಂಬನ್ನು ಇಳಿಸಲಾರನು. ರಾತ್ರಿ ಆ ಮಗ್ಗುಲಿಗೆ ಮಲಗಿ ನಿದ್ರಿಸಲಾರನು. ಮುರಿದ ಎಲುಬನ್ನು ಸರಿಯಾಗಿ ಕೂಡಿಸಿ ಕಟ್ಟಿದರೆ ಅದು ಬೆಸೆದುಕೊಳ್ಳುವುದು. ಸೀಳಿದ ಚರ್ಮವನ್ನು ಹೊಲಿದರೆ ಅದು ಮಾಯುವುದು. ಆದರೆ ಮೃದುವಾದುದನ್ನು ಕಠಿನವಾದುದಕ್ಕೆ ಹೊಲಿಯುವುದೆಂತು? ಈ ಒಂದು ಪ್ರಶ್ನೆಗೆ ಶಸ್ತ್ರವೈದ್ಯರು ಹುಡುಕಿದ ಉತ್ತರಗಳ ಚರಿತ್ರೆಯು ನೂಲಿನಿಂದ ಹೊರಟು, ಲೋಹವನ್ನು ಸುತ್ತಿ, ಮತ್ತೆ ನೂಲಿಗೇ ಬಂದು ನಿಂತಿರುವುದು ಸೋಜಿಗದ ಸಂಗತಿ.

ಭರತಖಂಡದ ಪ್ರಾಚೀನ ಶಲ್ಯತಂತ್ರಕ್ಕೆ ಈ ಬಂಧನದ ಮಹತ್ತ್ವವು ಚೆನ್ನಾಗಿ ತಿಳಿದಿದ್ದಿತು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸ್ನಾಯುಗಳು 900 ಎಂದು ಎಣಿಸಿ, ಅವುಗಳಲ್ಲಿ ಕವಲೊಡೆದವು, ದುಂಡಾದವು, ಅಗಲವಾದವು, ಟೊಳ್ಳಾದವು ಎಂದು ನಾಲ್ಕು ಬಗೆಗಳನ್ನು ಹೇಳಿದೆ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂಬ ಅರ್ಥವು ರೂಢಿಯಾಗಿದೆ. ಸುಶ್ರುತನ ಪರಿಭಾಷೆಯಲ್ಲಾದರೋ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಕಟ್ಟಿ ಹಿಡಿಯುವ ನಾರೇ ಸ್ನಾಯು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆಚಾರ್ಯನ ಹೋಲಿಕೆಯ ಸೊಗಸು ತಿಳಿಯುವುದು. ಹಲಗೆಗಳನ್ನು ಜೋಡಿಸಿ ಅನೇಕ ಬಂಧನಗಳಿಂದ ಬಿಗಿದ ದೋಣಿಯು ನೀರಿನ ಮೇಲೆ ಭಾರವನ್ನು ಹೊರುವಂತೆ, ಸಂಧಿಗಳು ಸ್ನಾಯುಗಳಿಂದ ಕಟ್ಟಲ್ಪಟ್ಟಿರುವುದರಿಂದಲೇ ಮನುಷ್ಯನು ಭಾರವನ್ನು ಸಹಿಸುವನೆಂದು ಅಲ್ಲಿ ಹೇಳಿದೆ. ಪಶ್ಚಿಮ ಸಮುದ್ರದ ತೀರದಲ್ಲಿ ಕಬ್ಬಿಣದ ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ದೋಣಿ ಕಟ್ಟುವ ಪದ್ಧತಿಯುಂಟು. ಅದನ್ನು ಬಲ್ಲವರಿಗೆ ಈ ಉಪಮಾನವು ಕೇವಲ ಕವಿಸಮಯವೆಂದು ತೋರದು. ಎಲುಬು, ಪೇಶಿ, ಸಿರೆ, ಸಂಧಿ ಇವುಗಳಿಗೆ ಒದಗಿದ ಕೇಡಿಗಿಂತ ಸ್ನಾಯುವಿಗೆ ಒದಗಿದ ಕೇಡೇ ಹೆಚ್ಚಿನದೆಂಬ ಎಚ್ಚರಿಕೆಯೂ ಅದೇ ಸ್ಥಳದಲ್ಲಿದೆ.

ಶಸ್ತ್ರಕರ್ಮಗಳು ಎಂಟೆಂದು ಎಣಿಸುವ ಸೂತ್ರಸ್ಥಾನದ ಭಾಗದಲ್ಲಿ ಸೀವನವೂ ಒಂದು. ಮಾಂಸವು ಕಡಮೆಯಿರುವಲ್ಲಿಗೂ ಸಂಧಿಗಳಿಗೂ 2 ಅಂಗುಲದ ದುಂಡು ಸೂಜಿ, ಮಾಂಸಲವಾದ ಸ್ಥಳಕ್ಕೆ 3 ಅಂಗುಲದ ಮುಮ್ಮೂಲೆಯ ಸೂಜಿ, ಮರ್ಮಸ್ಥಾನ ಮತ್ತು ಉದರಕ್ಕೆ ಬಿಲ್ಲಿನಂತೆ ಬಾಗಿದ ಸೂಜಿ ಎಂದು ವಿಧಿಸಿದೆ. ಹೊಲಿಗೆಗೆ ಸಣ್ಣ ನೂಲು, ಸೆಣಬು, ನಾರುಮಡಿಯ ಎಳೆ, ಕೂದಲು, ಪ್ರಾಣಿಗಳ ಸ್ನಾಯು, ಮೂರ್ವೆ ಮತ್ತು ಅಮೃತಬಳ್ಳಿಯ ನಾರು ಇವನ್ನು ಹೇಳಿದೆ. ಕರುಳಿನ ಗಾಯದ ಅಂಚುಗಳನ್ನು ಕರಿಯ ಇರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನು ಒಳಗೇ ಬಿಡುವ ವಿಧಾನವೂ ಚಿಕಿತ್ಸಾಸ್ಥಾನದಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ ಗಮನಾರ್ಹವಾದುದು ಒಂದು ಸೂಕ್ಷ್ಮವಾದ ನಿಷೇಧ: ಹೊಲಿಗೆಯನ್ನು ಅಂಚಿನಿಂದ ಅತಿದೂರದಲ್ಲಿ ಹಾಕಿದರೆ ನೋವುಂಟಾಗುವುದು, ಅತಿಸಮೀಪದಲ್ಲಿ ಹಾಕಿದರೆ ಅಂಚು ಕಿತ್ತುಹೋಗುವುದು. ನೂಲು ಗಟ್ಟಿಯಾಗಿದ್ದ ಮಾತ್ರಕ್ಕೆ ಸಾಲದು, ಅದು ಹಿಡಿದಿರುವ ಪದಾರ್ಥವು ನೂಲಿಗೆ ಇಂಬುಗೊಡಬೇಕೆಂಬ ಈ ತತ್ತ್ವವೇ ಮುಂದಿನ ಎರಡು ಸಾವಿರ ವರ್ಷಗಳ ಪ್ರಯತ್ನಗಳನ್ನೂ ಅಳೆಯುವ ಮಾನದಂಡವಾಗಿದೆ. ಆದರೆ ಸುಶ್ರುತನ ಸೀವನವು ಮಾಂಸವನ್ನು ಮಾಂಸಕ್ಕೆ ಸೇರಿಸುವಂಥದು. ರಜ್ಜುವನ್ನು ಎಲುಬಿಗೆ ಹೊಲಿಯುವ ಕಾಲವು ಬಹಳ ದೂರವಿದ್ದಿತು.

ಆ ವಿಳಂಬಕ್ಕೆ ಮುಖ್ಯ ಕಾರಣವು ಕೀವು. ಕೀಲನ್ನು ತೆರೆದರೆ ವ್ರಣವು ಕೊಳೆತು ಅವಯವವೋ ಪ್ರಾಣವೋ ಹೋಗುವ ಭಯವಿದ್ದುದರಿಂದ ಯೂರೋಪಿನ ಶಸ್ತ್ರವೈದ್ಯರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೆ ಆ ಸಾಹಸಕ್ಕೆ ಕೈಹಾಕುವುದು ವಿರಳವಾಗಿದ್ದಿತು. ಜೋಸೆಫ್ ಲಿಸ್ಟರನು 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ವ್ರಣವನ್ನು ಶುದ್ಧವಾಗಿಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಆ ಭಯವು ಕ್ರಮೇಣ ಸಡಿಲವಾಯಿತು. ಹೊಲಿಗೆಯ ದಾರವೂ ವಿಷವನ್ನು ಒಳಕ್ಕೆ ಒಯ್ಯಬಾರದೆಂದು ಅವನು ಕುರಿಯ ಕರುಳಿನ ತಂತಿಯನ್ನು ಅದೇ ಆಮ್ಲದಿಂದ ಸಂಸ್ಕರಿಸಿದನು. ಒಂದು ಕರುವಿನ ಕೊರಳಿನ ರಕ್ತನಾಳಕ್ಕೆ ಆ ತಂತಿಯನ್ನು ಕಟ್ಟಿ, ಸುಮಾರು ಒಂದು ತಿಂಗಳಾದ ಬಳಿಕ ಪರೀಕ್ಷಿಸಿದಾಗ ತಂತಿಯಿದ್ದ ಸ್ಥಳದಲ್ಲಿ ಜೀವಂತವಾದ ನಾರು ಬೆಳೆದಿದ್ದಿತು. ಈ ಪರೀಕ್ಷೆಯು 1869ರಲ್ಲಿ ಪ್ರಕಟವಾಯಿತು. ಹೊರಗಿನ ದಾರವು ದೇಹದ ಕೆಲಸಕ್ಕೆ ಸ್ವಲ್ಪ ಕಾಲ ಆಧಾರವಾಗಿದ್ದು ತರುವಾಯ ತಾನು ಹಿಂದೆ ಸರಿಯಬಹುದೆಂಬ ಅರಿವು ಇಲ್ಲಿ ಮೊಳೆಯಿತು. 1877ರಲ್ಲಿ ಲಂಡನ್ನಿನಲ್ಲಿ ಲಿಸ್ಟರನು ಮುರಿದ ಮಂಡಿಚಿಪ್ಪನ್ನು ಕೀಲು ತೆರೆದು ಬೆಳ್ಳಿಯ ತಂತಿಯಿಂದ ಬಿಗಿದಾಗ ಸಮಕಾಲೀನರಲ್ಲಿ ಅನೇಕರು ಬೆಚ್ಚಿದರು. ಬಾಗಿಲು ಮಾತ್ರ ತೆರೆದುದಾಯಿತು.

ಆ ಬಾಗಿಲಿನೊಳಗೆ ಹೆಗಲಿನ ಕಡೆಗೆ ಹೊಕ್ಕವರಲ್ಲಿ ಅಗ್ರಗಣ್ಯನು ಬಾಸ್ಟನ್ ನಗರದ ಅರ್ನೆಸ್ಟ್ ಅಮೋರಿ ಕಾಡ್‌ಮನ್. ತೋಳನ್ನು ಪಕ್ಕಕ್ಕೆತ್ತಲು ನೆರವಾಗುವ ಸುಪ್ರಾಸ್ಪಿನೇಟಸ್ ಎಂಬ ಪೇಶಿಯ ರಜ್ಜು ಪೂರ್ತಿಯಾಗಿ ಹರಿದಿದ್ದ ಇಬ್ಬರಿಗೆ ಶಸ್ತ್ರಕ್ರಿಯೆ ನಡೆಸಿ ಗುಣಕಂಡ ವೃತ್ತಾಂತವನ್ನು ಅವನು 1911ರಲ್ಲಿ ಪ್ರಕಟಿಸಿದನು. ಹೆಗಲನ್ನು ಕುರಿತ ಅವನ ದೊಡ್ಡ ಗ್ರಂಥವು 1934ರಲ್ಲಿ ಹೊರಬಂದಿತು. ಆದರೆ ಅವನ ಕೈಗಿಂತಲೂ ಅವನ ಹಟವು ದೊಡ್ಡದು. ಚಿಕಿತ್ಸೆ ಪಡೆದ ಪ್ರತಿಯೊಬ್ಬ ರೋಗಿಯನ್ನೂ ವರ್ಷ ಕಳೆದ ಮೇಲೆ ಮತ್ತೆ ಕರೆದು ಪರೀಕ್ಷಿಸಬೇಕು, ಫಲವು ಕೆಟ್ಟಿದ್ದರೆ ತಪ್ಪು ಯಾರದೆಂದು ಬರೆದಿಡಬೇಕು, ಬರೆದುದನ್ನು ಲೋಕದ ಮುಂದಿಡಬೇಕು ಎಂಬುದು ಅವನ ಮತ. ಇದನ್ನು ಅವನು ಅಂತ್ಯಫಲದ ತತ್ತ್ವವೆಂದು ಕರೆದನು. ತಾನು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳ ಲೆಕ್ಕವನ್ನೂ, ಅದರಲ್ಲಿ ತಾನೇ ಗುರುತಿಸಿದ 123 ತಪ್ಪುಗಳನ್ನೂ ಮರೆಮಾಚದೆ ಅಚ್ಚುಹಾಕಿಸಿದನು. ಯೋಗ್ಯತೆಯನ್ನು ನೋಡದೆ ವಯೋಹಿರಿಮೆಯಿಂದಲೇ ಪದವಿ ಕೊಡುವ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ಕೆಲಸವನ್ನು ಬಿಟ್ಟನು. ಮರುವರ್ಷ ವೈದ್ಯರ ಸಭೆಯಲ್ಲಿ ಒಂದು ವ್ಯಂಗ್ಯಚಿತ್ರವನ್ನು ಬಿಡಿಸಿ ತೋರಿಸಿದುದರಿಂದ ಊರಿನ ಪ್ರಮುಖರ ಕೋಪಕ್ಕೆ ಗುರಿಯಾದನು. 1940ರಲ್ಲಿ ತೀರಿಕೊಂಡಾಗ ಅವನ ಸಮಾಧಿಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಕಲ್ಲು ನಿಂತುದು 2014ರಲ್ಲಿ.

ಇಂಗ್ಲೆಂಡಿನಲ್ಲಿ ಬ್ಲಂಡೆಲ್ ಬ್ಯಾಂಕಾರ್ಟನು ಹೆಗಲಿನ ಮತ್ತೊಂದು ವ್ಯಾಧಿಯನ್ನು, ಎಂದರೆ ತೋಳಿನ ಗುಂಡು ಪದೇ ಪದೇ ಕೀಲು ತಪ್ಪುವುದನ್ನು, ವಿಚಾರಿಸಿದನು. ಹೆಗಲಿನ ಬಟ್ಟಲಿನ ಮುಂದಿನ ಅಂಚಿಗೆ ಅಂಟಿಕೊಂಡಿರಬೇಕಾದ ಮೆದುವಾದ ಕಟ್ಟು ಕಿತ್ತುಬಂದಿರುವುದೇ ಮೂಲವೆಂದು 1923ರಲ್ಲಿ ಪ್ರತಿಪಾದಿಸಿ, ಎಲುಬಿನ ಅಂಚಿನಲ್ಲಿ ರಂಧ್ರಗಳನ್ನು ಕೊರೆದು ಅವುಗಳಲ್ಲಿ ದಾರವನ್ನು ಹಾಯಿಸಿ ಕಟ್ಟನ್ನು ಸ್ವಸ್ಥಾನಕ್ಕೆ ಹೊಲಿದನು. 1938ರಲ್ಲಿ ಅವನು ವರದಿ ಮಾಡಿದ 27 ರೋಗಿಗಳಲ್ಲಿ ಒಬ್ಬರಿಗೂ ಕೀಲು ಮರಳಿ ತಪ್ಪಿರಲಿಲ್ಲ. ಎಲುಬಿಗೆ ತೂತು ಕೊರೆದು ಹೊಲಿಯುವ ಈ ಕ್ರಮವು ಸರಳವೆಂದು ತೋರಿದರೂ ಕೈಗೆ ಬಹು ಕಠಿನ. ಬಟ್ಟಲಿನ ಅಂಚು ಆಳದಲ್ಲಿದೆ. ಅಲ್ಲಿ ಬಾಗಿದ ದಾರಿಯನ್ನು ಕೊರೆದು ಸೂಜಿಯನ್ನು ತೂರಿ ಮತ್ತೊಂದು ಕಡೆಯಿಂದ ಹಿಡಿದೆಳೆಯಲು ಅಗಲವಾದ ಗಾಯವೂ ದೀರ್ಘವಾದ ಕಾಲವೂ ಬೇಕು.

ಶ್ರಮವನ್ನು ತಪ್ಪಿಸಲು ಕೆಲವರು ಲೋಹದ ಕೊಂಡಿಗಳನ್ನೂ ತಿರುಪುಗಳನ್ನೂ ಬಡಿದರು. ಕೆಲಸವೇನೋ ಬೇಗನೆ ಮುಗಿಯಿತು. ಆದರೆ ಹೆಗಲು ನಿಶ್ಚಲವಾದ ಗೋಡೆಯಲ್ಲ. ಅದು ಹಗಲಿರುಳು ಆಡುವ ಕೀಲು. ಆ ಚಲನೆಯಲ್ಲಿ ಲೋಹವು ಸಡಿಲಗೊಂಡು, ಎದ್ದು, ನಯವಾದ ಮೃದ್ವಸ್ಥಿಯನ್ನು ಗೀರತೊಡಗಿತು. 1984ರಲ್ಲಿ ಅಮೆರಿಕದ ವೈದ್ಯರಾದ ಜುಕರ್‌ಮನ್ ಮತ್ತು ಮ್ಯಾಟ್ಸೆನ್ ಎಂಬವರು ಹೆಗಲಿನ ತಿರುಪು ಮತ್ತು ಕೊಂಡಿಗಳಿಂದ ತೊಂದರೆಗೊಳಗಾದ 37 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಮತ್ತೆ ಶಸ್ತ್ರಕ್ಕೆ ಮೈಯೊಡ್ಡಬೇಕಾಯಿತು.

ಅಷ್ಟರಲ್ಲಿ ಶಸ್ತ್ರಕ್ರಿಯೆಯ ದಾರಿಯೇ ಬದಲಾಗುತ್ತಿದ್ದಿತು. ಜಪಾನಿನ ಕೆಂಜಿ ತಕಾಗಿಯು 1918ರಲ್ಲಿ ಮೂತ್ರಕೋಶವನ್ನು ನೋಡುವ ನಳಿಕೆಯಿಂದ ಒಂದು ಶವದ ಮಂಡಿಯೊಳಗನ್ನು ನೋಡಿದ್ದನು. ಅವನ ಪರಂಪರೆಯ ಮಸಾಕಿ ವತಾನಾಬೆಯು 1962ರಲ್ಲಿ ಅಂಥ ಕೀಲುದರ್ಶಕದ ಸಹಾಯದಿಂದಲೇ ಮಂಡಿಯ ಹರಿದ ಮೃದ್ವಸ್ಥಿಯ ಭಾಗವನ್ನು ಕತ್ತರಿಸಿ ತೆಗೆದನು. ಬೆರಳಷ್ಟೂ ಅಗಲವಿಲ್ಲದ ಕಿಂಡಿಯಲ್ಲಿ ಕೈಯಾಡಿಸಬೇಕಾದಾಗ ಎಲುಬಿನಲ್ಲಿ ಸುರಂಗ ಕೊರೆದು ಹೊಲಿಯುವುದು ಇನ್ನೂ ದುಸ್ಸಾಧ್ಯವಾಯಿತು. ಒಂದೇ ಕಡೆಯಿಂದ ತೂತು ಕೊರೆದು, ದಾರವನ್ನು ಹೊತ್ತ ಒಂದು ಸಣ್ಣ ಲಂಗರನ್ನು ಇಳಿಸಿ, ಅದು ಒಳಗೆ ಕಚ್ಚಿಕೊಳ್ಳುವಂತೆ ಮಾಡಿದರೆ ಸಾಕಲ್ಲವೇ ಎಂಬ ಯುಕ್ತಿಯು ಇಲ್ಲಿ ಹುಟ್ಟಿತು. 1985ರ ಸುಮಾರಿಗೆ ಅಮೆರಿಕದ ಯೂಟಾ ಪ್ರಾಂತದ ಮಾರ್ಲೋ ಗೋಬಲ್ ಮತ್ತು ಅವನ ಸಹಕಾರಿಗಳು ಇದನ್ನು ಕಾರ್ಯರೂಪಕ್ಕೆ ತಂದರು. ಲಂಗರೆಂಬ ಹೆಸರು ಅನ್ವರ್ಥವಾದುದು: ಹಡಗಿನ ಲಂಗರು ಸಮುದ್ರತಳದಲ್ಲಿ ಕಚ್ಚಿ ಹಗ್ಗವನ್ನು ಹಿಡಿಯುವಂತೆ ಇದು ಎಲುಬಿನಲ್ಲಿ ಕಚ್ಚಿ ದಾರವನ್ನು ಹಿಡಿಯುವುದು, ಆ ದಾರದಿಂದ ರಜ್ಜುವನ್ನು ಎಲುಬಿಗೆ ಒತ್ತಿ ಕಟ್ಟುವುದು.

ಮೊದಲ ಲಂಗರುಗಳು ಲೋಹದವು. ಅವು ಗಟ್ಟಿಯಾಗಿದ್ದರೂ ಹಳೆಯ ಕೊಂಡಿಗಳ ದೋಷವು ಅವನ್ನು ಪೂರ್ತಿಯಾಗಿ ಬಿಡಲಿಲ್ಲ. ಸಡಿಲವಾದ ಲಂಗರು ಕೀಲಿನೊಳಕ್ಕೆ ಇಳಿದರೆ ಮಹಾಹಾನಿ. ಕಾಂತಶಕ್ತಿಯಿಂದ ದೇಹದ ಒಳಗನ್ನು ಚಿತ್ರಿಸುವ ಯಂತ್ರದಲ್ಲಿ ಲೋಹವು ಚಿತ್ರವನ್ನು ಕೆಡಿಸುವುದೂ ಉಂಟು. ಆದಕಾರಣ ಪಾಲಿಲ್ಯಾಕ್ಟಿಕ್ ಆಮ್ಲವೆಂಬ, ದೇಹದಲ್ಲಿ ಕರಗಿಹೋಗುವ ಪದಾರ್ಥದಿಂದ ಲಂಗರನ್ನು ಮಾಡಿದರು. ಲಿಸ್ಟರನ ಕರುಳಿನ ತಂತಿಯ ಆಶಯವೇ ಇಲ್ಲಿಯೂ ಇದ್ದಿತು. ಆದರೆ ಕರಗಿದ ಲಂಗರಿನ ಸ್ಥಳದಲ್ಲಿ ಯಾವಾಗಲೂ ಎಲುಬು ಬೆಳೆಯಲಿಲ್ಲ. ಕೆಲವರಲ್ಲಿ ಸುತ್ತಲಿನ ಎಲುಬೂ ಕರಗಿ ಟೊಳ್ಳಾಯಿತು. ತರುವಾಯ ಕರಗದ ಗಟ್ಟಿ ಪ್ಲಾಸ್ಟಿಕ್ಕಿನವು ಬಂದವು. ಇವೆಲ್ಲಕ್ಕೂ ಸಾಮಾನ್ಯವಾದ ಕುಂದೆಂದರೆ ಗಾತ್ರ. ಬಟ್ಟಲಿನ ಸಣ್ಣ ಅಂಚಿನಲ್ಲಿ ದಪ್ಪ ರಂಧ್ರಗಳನ್ನು ಸಾಲಾಗಿ ಕೊರೆದರೆ, ಅಂಚೆಚೀಟಿಯ ಹಾಳೆಯು ತೂತುಗಳ ಸಾಲಿನಲ್ಲಿ ಹರಿಯುವಂತೆ ಎಲುಬೇ ಆ ಸಾಲಿನಲ್ಲಿ ಮುರಿಯಬಹುದು. ಇಂಥ ಮುರಿತಕ್ಕೆ ವೈದ್ಯರು ಅಂಚೆಚೀಟಿಯ ಹೆಸರನ್ನೇ ಇಟ್ಟಿರುವರು.

ಇಷ್ಟಾದ ಮೇಲೆ ಬುದ್ಧಿಯು ಮತ್ತೆ ನೂಲಿನ ಕಡೆಗೆ ತಿರುಗಿತು. 1979ರ ಸುಮಾರಿಗೆ ಹಾಲೆಂಡಿನ ರಸಾಯನಜ್ಞರು ಪಾಲಿಥೀನಿನ ಅತಿದೀರ್ಘವಾದ ಅಣುಗಳನ್ನು ಲೋಳೆಯ ಸ್ಥಿತಿಯಿಂದ ಎಳೆದು, ತೂಕಕ್ಕೆ ತೂಕವಿಟ್ಟರೆ ಉಕ್ಕನ್ನು ಮೀರಿಸುವ ಎಳೆಯನ್ನು ನೂತಿದ್ದರು. ಅಂಥ ಎಳೆಯಿಂದ ಹೆಣೆದ ಶಸ್ತ್ರವೈದ್ಯದ ದಾರಗಳು ಈ ಶತಮಾನದ ಆದಿಯಲ್ಲಿ ಬಳಕೆಗೆ ಬಂದವು. 2010ರ ಹೊತ್ತಿಗೆ ಲಂಗರೂ ನೂಲಿನದೇ ಆಯಿತು. ಮಾಡುವ ಕ್ರಮವು ಹೀಗೆ: ಕೇವಲ 1.4 ಮಿಲಿಮೀಟರಿನಷ್ಟು ಸಣ್ಣ ರಂಧ್ರವನ್ನು ಕೊರೆಯುವರು. ಹೆಣೆದ ನೂಲಿನ ಒಂದು ಪುಟ್ಟ ಕೊಳವೆಯೊಳಗೆ ದಾರವನ್ನು ಹಾಯಿಸಿ, ಕೊಳವೆಯನ್ನು ಮಡಿಸಿ ರಂಧ್ರದಲ್ಲಿ ಇಳಿಸುವರು. ಆಮೇಲೆ ದಾರವನ್ನು ಹಿಂದಕ್ಕೆಳೆದರೆ ಕೊಳವೆಯು ಸುಕ್ಕುಗಟ್ಟಿ, ಉಬ್ಬಿ, ಎಲುಬಿನ ಹೊರಗಿನ ಗಟ್ಟಿ ಪದರದ ಒಳಮಗ್ಗುಲಿಗೆ ಗಂಟಿನಂತೆ ಸಿಕ್ಕಿಕೊಳ್ಳುವುದು. ಪೈಜಾಮದ ಲಾಡಿಯನ್ನು ಎಳೆದಾಗ ನೆರಿಗೆಯು ಒಟ್ಟುಗೂಡುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಲೋಹವಿಲ್ಲ, ತಿರುಪಿಲ್ಲ, ಕಳಚಿದರೂ ಮೃದ್ವಸ್ಥಿಯನ್ನು ಗೀರುವ ಮೊನೆಯಿಲ್ಲ.

ಹಾಗೆಂದು ಇದು ನಿರ್ದೋಷವೆನ್ನಲಾಗದು. ಇದರ ಬಲವೆಲ್ಲವೂ ಹೊರಪದರದ ಗಟ್ಟಿತನವನ್ನೇ ನಂಬಿದೆ; ಮುಪ್ಪಿನಿಂದ ಸವೆದ ಎಲುಬಿನಲ್ಲಿ ಗಂಟು ಹಿಂಜರಿದು ಜಾರಬಹುದು. ಮೊದಲೇ ಬಿಗಿಯಾಗಿ ಎಳೆದು ಕೂರಿಸದಿದ್ದರೆ ರಂಧ್ರದೊಳಗೆ ಮಿಸುಕಾಡುವುದು. 2014ರಲ್ಲಿ ಪ್ರಕಟವಾದ, ನಾಯಿಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಇಂಥ ಲಂಗರಿನ ಸುತ್ತ ಎಲುಬಿನಲ್ಲಿ ಪೊಳ್ಳುಂಟಾದುದೂ ಕಂಡುಬಂದಿತು. ಹಿಡಿತವು ನೂಲಿನ ಗುಣವೊಂದರಿಂದಲೇ ಆಗದು, ನೂಲು ಹಿಡಿದಿರುವ ಪದಾರ್ಥದ ಗುಣವೂ ಬೇಕೆಂಬ ಹಳೆಯ ಮಾತು ಇಲ್ಲಿಯೂ ಸತ್ಯವಾಗಿದೆ.

ಇನ್ನು ಮುಖ್ಯವಾದ ಮಾತೊಂದುಂಟು. ಲಂಗರು ರಜ್ಜುವನ್ನು ಎಲುಬಿನ ಮೇಲೆ ಇಡುವುದೇ ಹೊರತು ಎಲುಬಿಗೆ ಬೆಸೆಯಲಾರದು. ಸ್ವಭಾವದಲ್ಲಿ ರಜ್ಜುವು ಎಲುಬನ್ನು ಸೇರುವೆಡೆಯಲ್ಲಿ, ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ, ನಾರು, ನಾರಿನ ಮೃದ್ವಸ್ಥಿ, ಸುಣ್ಣಗಟ್ಟಿದ ಮೃದ್ವಸ್ಥಿ, ಎಲುಬು ಎಂಬ ನಾಲ್ಕು ಹಂತಗಳು ಒಂದರೊಳಗೊಂದು ಕರಗಿರುತ್ತವೆ. ಎಲುಬಿನೊಳಕ್ಕೆ ಬೇರಿನಂತೆ ಇಳಿಯುವ ಕೆಲವು ಎಳೆಗಳಿಗೆ ಲಿಸ್ಟರನ ಗುರುವಾದ ವಿಲಿಯಂ ಶಾರ್ಪಿಯ ಹೆಸರಿದೆ. ಒಮ್ಮೆ ಹರಿದ ಮೇಲೆ ಈ ಸೂಕ್ಷ್ಮವಾದ ಸೋಪಾನವು ಮೊದಲಿನಂತೆ ಮತ್ತೆ ಏಳುವುದಿಲ್ಲ. ಅಲ್ಲಿ ಕಲೆಯ ನಾರು ಬೆಳೆದು ಸಂದನ್ನು ತುಂಬುವುದು. ಅದು ಬಲಿಯುವ ತನಕ, ಕೆಲವು ವಾರಗಳಲ್ಲ, ತಿಂಗಳುಗಳ ಕಾಲ, ನೂಲು ಹಿಡಿದಿರಬೇಕು. ತೋಳನ್ನು ಜೋಳಿಗೆಯಲ್ಲಿಟ್ಟು ಸಹನೆಯಿಂದ ಕಾಯುವುದೂ ಚಿಕಿತ್ಸೆಯ ಅಂಗವೇ.

ಎಷ್ಟೋ ವೇಳೆ ಈ ಬೆಸುಗೆಯು ಕೂಡದೆ ಹೋಗುವುದು. ಅಮೆರಿಕದ ಗಲಾಟ್ಸ್ ಮತ್ತು ಅವರ ಸಂಗಡಿಗರು 2004ರಲ್ಲಿ, ಹೆಗಲಿನ ದೊಡ್ಡ ಹರಿತವನ್ನು ಕೀಲುದರ್ಶಕದಿಂದ ಹೊಲಿಸಿಕೊಂಡ 18 ರೋಗಿಗಳನ್ನು ಒಂದು ವರ್ಷಕ್ಕೆ ಕಡಮೆಯಿಲ್ಲದ ಅವಧಿಯ ಬಳಿಕ ಶಬ್ದತರಂಗದ ಯಂತ್ರದಿಂದ ಪರೀಕ್ಷಿಸಿದ ಸಂಗತಿಯನ್ನು ಪ್ರಕಟಿಸಿದರು. 17 ಮಂದಿಯಲ್ಲಿ ಹೊಲಿಗೆಯ ಸ್ಥಳದಲ್ಲಿ ಮತ್ತೆ ಬಿರುಕಿದ್ದಿತು. ಆದರೂ ಮೊದಲ ವರ್ಷದಲ್ಲಿ ಅವರಲ್ಲಿ ಬಹುಮಂದಿಗೆ ನೋವು ಇಳಿದು ತೋಳು ಎತ್ತಲು ಬಂದಿದ್ದಿತು. ಎರಡನೆಯ ವರ್ಷಕ್ಕೆ ಆ ಗುಣವು ಸ್ವಲ್ಪ ಕುಗ್ಗಿತ್ತು. ಹೊಲಿಗೆಯು ಸೋತರೂ ರೋಗಿಯು ಗೆದ್ದನೆಂದು ಹೇಳಬೇಕೇ, ಅಥವಾ ಗೆಲುವೆಂದು ತೋರಿದುದು ತಾತ್ಕಾಲಿಕವೆನ್ನಬೇಕೇ ಎಂಬುದು ಸುಲಭವಾಗಿ ತೀರ್ಮಾನಿಸುವ ಪ್ರಶ್ನೆಯಲ್ಲ. ಆದರೆ ಪ್ರಶ್ನೆಯು ಎದ್ದುದು ಯಂತ್ರದ ಮುಂದೆ ರೋಗಿಯನ್ನು ಮರಳಿ ಕೂರಿಸಿ, ಕಂಡುದನ್ನು ಕಂಡಂತೆ ಬರೆದುದರಿಂದ. ಬಾಸ್ಟನ್ನಿನ ಹಟಮಾರಿಯು ಕೇಳಿದುದೂ ಇದನ್ನೇ. ಲೋಹದ ಕೊಂಡಿಯ ಹಾನಿಯು ತಿಳಿದುಬಂದುದು, ಕರಗುವ ಲಂಗರಿನ ಪೊಳ್ಳು ಬಯಲಾದುದು, ನೂಲಿನ ಲಂಗರಿಗೆ ಮೇರೆ ಗೊತ್ತಾದುದು, ಎಲ್ಲವೂ ಈ ಒಂದು ದಾರಿಯಿಂದ. ಹೊಸ ಉಪಕರಣವು ಮಾರುಕಟ್ಟೆಗೆ ಬಂದಾಗ ಅದರ ಬಲವನ್ನು ತಕ್ಕಡಿಯಲ್ಲಿ ತೂಗಿ ಹೇಳುವವರು ಬಹಳ ಮಂದಿ ಸಿಗುವರು. ಆ ತೋಳು ಮೂರು ವರ್ಷದ ಮೇಲೆ ಅಟ್ಟದ ಚೊಂಬನ್ನು ಇಳಿಸಿತೇ ಎಂದು ಮನೆಯ ತನಕ ಹೋಗಿ ಕೇಳುವವರು ವಿರಳ. ಶಸ್ತ್ರವೈದ್ಯದ ಉಪಕರಣಗಳಲ್ಲಿ ಎಂದಿಗೂ ಹಳತಾಗದುದು ಆ ವಿಚಾರಣೆಯೊಂದೇ.